ಒಟ್ಟು ಹನ್ನೆರಡು, ಹಾಜರು ಹನ್ನೆರಡು

ಹಿಗುರೆ ಊರಿನ ಬೆಂಕಿ ದಳದಲ್ಲಿ ಕಾಗದದ ಮೇಲೆ ಹನ್ನೆರಡು ಜನ, ನೆಲದ ಮೇಲೆ ಮೂವರು. ದಳಪತಿ ಇವಾಕುಮಾ ತೇಯಿಜೋ, ವಯಸ್ಸು ಅರವತ್ತನಾಲ್ಕು. ಕೆಸಾವೊ, ಎಪ್ಪತ್ತೆರಡು, ಎರಡೂ ಮೊಣಕಾಲು ಸವೆದವನು. ಮೂರನೆಯವಳು ತೋಫು ಅಂಗಡಿಯ ಫುಸಾಯೆ, ಐವತ್ತೈದು. ಮೂವರಲ್ಲಿ ನಿಜವಾದ ಗಟ್ಟಿಗಿತ್ತಿ ಎಂದರೆ ಅವಳೇ. ಉಳಿದ ಒಂಬತ್ತು ಮಂದಿಯಲ್ಲಿ ಹಾಮೊರಿ ಹಿರೋಶಿಮಾದಲ್ಲಿ ಬಸ್ಸು ಓಡಿಸುತ್ತಿದ್ದ. ಕಾಡೊವಾಕಿ ಅಣ್ಣತಮ್ಮಂದಿರು ಕರಾವಳಿಯಲ್ಲಿ ಮೀನಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿದ್ದರು. ತ್ಸುನೆವೊಕಾ ಪಾರ್ಶ್ವವಾಯು ಬಡಿದು ಪೇಟೆಯ ಮಗಳ ಮನೆಯಲ್ಲಿ ಮಲಗಿದ್ದ. ಮಿಕ್ಕವರದೂ ಇಂಥದೇ ಕಥೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ, ಇವರದು ಅದರ ತಿರುಗಾಮುರುಗಾ. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಹಾಗಂತ ತೇಯಿಜೋನನ್ನು ಸುಳ್ಳುಬುರುಕ ಎನ್ನುವ ಹಾಗಿಲ್ಲ. ಅಕ್ಕಿ ಗಿರಣಿ ನಡೆಸಿದ ಮೂವತ್ತು ವರ್ಷದಲ್ಲಿ ಒಂದು ಹಿಡಿ ತೂಕ ತಪ್ಪಿಸಿದವನಲ್ಲ ಆ ಮನುಷ್ಯ. ಆದರೆ ದಳದಲ್ಲಿ ಹತ್ತಕ್ಕಿಂತ ಕಡಿಮೆ ಜನರಾದರೆ ಅದನ್ನು ಕೆಳಗಿನ ಊರಿನ ದಳಕ್ಕೆ ಸೇರಿಸಿ, ಪಂಪನ್ನೂ ಅಲ್ಲಿಗೇ ಒಯ್ಯುತ್ತಾರೆ ಎಂಬುದು ನಿಯಮ. ಕೆಳಗಿನ ಊರು ಹದಿನೆಂಟು ಕಿಲೋಮೀಟರು ದೂರ. ಪಕ್ಕದ ಕಣಿವೆಯ ಕೊಮೊರಿಯಲ್ಲಿ ಏಳು ವರ್ಷದ ಹಿಂದೆ ಹೀಗೇ ಆಯಿತು. ಎಂಟೇ ಜನ ಎಂದು ಅಲ್ಲಿನ ದಳಪತಿ ನಿಜ ಬರೆದು ಕೊಟ್ಟ. ವಸಂತದಲ್ಲಿ ಪಂಪು ಹೋಯಿತು, ಶರತ್ಕಾಲದಲ್ಲಿ ಒಂದು ಮನೆಗೆ ಬೆಂಕಿ ಬಿತ್ತು, ಅಕ್ಕಪಕ್ಕದವರು ಬಕೆಟ್ ಹಿಡಿದು ನಿಂತು ನೋಡಿದರು. ಮರುದಿನ ತೇಯಿಜೋ ಅಲ್ಲಿಗೆ ಹೋಗಿದ್ದ. ಮುದುಕಿಯೊಬ್ಬಳು ಬೂದಿಯಲ್ಲಿ ಮಂಡಿಯೂರಿ, ಗಂಡನ ಹೆಸರು ಕೆತ್ತಿದ ಪೂಜೆಯ ಹಲಗೆಗಾಗಿ ತಡಕಾಡುತ್ತಿದ್ದಳು. ನಿಜ ಬರೆದು ಕೊಟ್ಟ ಆ ದಳಪತಿ ದೂರದಲ್ಲಿ ತಲೆ ತಗ್ಗಿಸಿಕೊಂಡು ನಿಂತಿದ್ದ.

ಅವತ್ತು ಮನೆಗೆ ಬಂದ ತೇಯಿಜೋ ಹೆಂಡತಿಯ ಹತ್ತಿರ ಒಂದೇ ಮಾತು ಹೇಳಿದ. “ನಾನಿರೋ ತನಕ ಈ ಪಂಪು ಈ ಊರು ಬಿಟ್ಟು ಹೋಗಲ್ಲ.”

ಆಮೇಲೆ ಊರು ಬಿಟ್ಟವರ ಹೆಸರನ್ನು ಅವನು ಅಳಿಸಲೇ ಇಲ್ಲ. ಪಂಪಿನ ಕೊಟ್ಟಿಗೆಯ ಗೋಡೆಗೆ ಹನ್ನೆರಡು ಮರದ ಪಟ್ಟಿ ತೂಗುಹಾಕಿದ್ದವು, ಒಂದೊಂದರ ಮೇಲೂ ಕುಂಚದಲ್ಲಿ ಬರೆದ ಒಂದೊಂದು ಹೆಸರು. ಭಾನುವಾರ ಬಂತೆಂದರೆ ಹನ್ನೆರಡನ್ನೂ ಒಂದೇ ಬಟ್ಟೆಯಲ್ಲಿ ಒರೆಸುತ್ತಿದ್ದ. ಜನವರಿಯಲ್ಲಿ ಪೇಟೆಯ ಮೈದಾನದಲ್ಲಿ ಎಲ್ಲ ಊರುಗಳ ದಳಗಳೂ ಸಾಲಾಗಿ ನಿಂತು ತಲೆ ಎಣಿಸಿಕೊಳ್ಳುವ ದಿನ ಬರುತ್ತದೆ. ಹೊಸ ವರ್ಷಕ್ಕೆ ಊರಿಗೆ ಬಂದವರಿಗೆಲ್ಲ ಕಡುನೀಲಿ ದಗಲೆ ತೊಡಿಸಿ, ಕಡಿಮೆ ಬಿದ್ದಲ್ಲಿ ಕೆಸಾವೊನ ಅಳಿಯಂದಿರನ್ನು ತುಂಬಿ, ತೇಯಿಜೋ ಮೇಯರ್ ಎದುರು ನೆಟ್ಟಗೆ ನಿಂತು ಕೂಗುತ್ತಿದ್ದ: “ಹಿಗುರೆ ದಳ. ಒಟ್ಟು ಹನ್ನೆರಡು, ಹಾಜರು ಹನ್ನೆರಡು, ಎಲ್ಲ ಕ್ಷೇಮ.” ದನಿ ನಡುಗಬಾರದೆಂದು ಗಾಡಿ ಓಡಿಸುವಾಗಲೂ, ಸ್ನಾನದ ತೊಟ್ಟಿಯಲ್ಲಿ ಕೂತಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದ.

“ನಿದ್ದೇಲೂ ಅದನ್ನೇ ಕೂಗ್ತೀರಂತೆ,” ಎಂದು ಫುಸಾಯೆ ಕಾಲೆಳೆಯುತ್ತಿದ್ದಳು. “ನಿಮ್ಮ ಹೆಂಡ್ತಿ ಹೇಳಿದ್ರು. ಹನ್ನೆರಡು ಜನ ಅಂದ ತಕ್ಷಣ ಎದ್ದು ಅಷ್ಟು ಜನಕ್ಕೆ ಟೀ ಇಡಬೇಕೇನೋ ಅನ್ಸುತ್ತಂತೆ ಅವರಿಗೆ.”

ಹೋದ ಶರತ್ಕಾಲದಲ್ಲಿ ಸರ್ಕಾರಿ ಅಗ್ನಿಶಾಮಕ ಠಾಣೆಯಿಂದ ನಾಗಿರಾ ಎಂಬ ಇಪ್ಪತ್ತೇಳರ ತರುಣ ಬಂದಿದ್ದ, ಹಳೆಯದರ ಬದಲಿಗೆ ಬಂದ ಹೊಸ ಪಂಪು ನಡೆಸುವುದನ್ನು ಕಲಿಸಲು. ಕರಾವಳಿಯ ಕಡೆಯವನು, ಮೀನುಗಾರರ ಮಗ. ಕೊಟ್ಟಿಗೆಯ ಮುಂದೆ ನಿಂತಿದ್ದ ಮೂವರನ್ನು ನೋಡಿದ, ಗೋಡೆಯ ಮೇಲಿನ ಹನ್ನೆರಡು ಪಟ್ಟಿಗಳನ್ನು ನೋಡಿದ.

“ಉಳಿದವರು, ಇವಾಕುಮಾಸಾನ್?”

“ಕೆಲಸಕ್ಕೆ ಹೋಗಿದಾರೆ,” ಎಂದ ತೇಯಿಜೋ. ಅದೇನು ಸುಳ್ಳಲ್ಲ. ಎಲ್ಲಿಗೆ ಅಂತ ನಾಗಿರಾ ಕೇಳಲೂ ಇಲ್ಲ.

ಅವನು ಪಟ್ಟಿಗಳ ಮುಂದೆ ನಿಂತು ಹೆಸರುಗಳನ್ನು ಒಂದೊಂದಾಗಿ ಓದಿದ. ತ್ಸುನೆವೊಕಾನ ಹೆಸರಿನಲ್ಲಿ ತಡವರಿಸಿದಾಗ ಕೆಸಾವೊ ಹೇಳಿಕೊಟ್ಟ. “ಹೆಸರು ಗೊತ್ತಿರಬೇಕು ತಾತ,” ಎಂದ ನಾಗಿರಾ. “ಹೊಗೆಯಲ್ಲಿ ಮುಖ ಕಾಣಲ್ಲ. ಹೆಸರು ಹಿಡಿದೇ ಕೂಗಬೇಕಾಗುತ್ತೆ.”

ತರಬೇತಿ ಮುಗಿದ ಮೇಲೆ ಫುಸಾಯೆ ಕಡ್ಡಿಗೆ ಚುಚ್ಚಿದ ತೋಫುವಿಗೆ ಮಿಸೋ ಎಂಬ ಸೋಯಾ ಗೊಜ್ಜು ಸವರಿ ಕೆಂಡದ ಮೇಲೆ ಸುಟ್ಟು ಕೊಟ್ಟಳು. ಹುಡುಗ ಹನ್ನೊಂದು ಕಡ್ಡಿ ಖಾಲಿ ಮಾಡಿದ.

“ಸರ್ಕಾರದವರು ನಿನಗೆ ಊಟ ಹಾಕಲ್ವೇನಯ್ಯಾ?” ಎಂದ ಕೆಸಾವೊ.

“ಊಟ ಹಾಕ್ತಾರೆ ತಾತ, ನಿದ್ದೆ ಕೊಡಲ್ಲ. ನಮ್ಮ ಉಪಠಾಣೆಯಲ್ಲಿ ಐದು ಜನ ಇರಬೇಕು, ಇರೋದು ಮೂವರು. ಇಬ್ಬರು ಬಿಟ್ಟು ಹೋದ್ರು, ಅವರ ಜಾಗಕ್ಕೆ ಅರ್ಜಿ ಹಾಕೋರೇ ಇಲ್ಲ. ನಾನು ನಿನ್ನೆ ಬೆಳಿಗ್ಗೆಯಿಂದ ಡ್ಯೂಟಿಯಲ್ಲೇ ಇದೀನಿ.” ಆಮೇಲೆ ಕಡ್ಡಿಯನ್ನು ತಿರುಗಿಸುತ್ತ, ತೇಯಿಜೋನ ಮುಖ ನೋಡದೆ ಹೇಳಿದ. “ಇವಾಕುಮಾಸಾನ್, ತಪ್ಪು ತಿಳ್ಕೋಬೇಡಿ. ಹಗಲು ಹೊತ್ತಿನಲ್ಲಿ ನಿಜವಾಗಿ ಎಷ್ಟು ಜನ ಸಿಗ್ತೀರಿ ಅಂತ ನನಗೊಬ್ಬನಿಗೆ ಹೇಳಿ. ಎಲ್ಲೂ ಬರೆಯಲ್ಲ. ನಮ್ಮ ಠಾಣಾಧಿಕಾರಿ ಶಿರಾಗಾ ಸಾಹೇಬರ ಕಿವಿಗೆ ಹಾಕಿದ್ರೆ, ನಿಮ್ಮೂರಿಂದ ಕರೆ ಬಂದ ಕೂಡ್ಲೆ ಅವರು ಪೇಟೆಯಿಂದಲೂ ಜನ ಕರೆಸ್ತಾರೆ. ಅಷ್ಟೇ.”

ಫುಸಾಯೆ ಮೇಜಿನ ಕೆಳಗೆ ತೇಯಿಜೋನ ಕಾಲನ್ನು ಒದ್ದಳು. ಹೇಳಿಬಿಡಿ ಅಂತ. ಅಂಥ ಬಾಗಿಲು ಮನುಷ್ಯನಿಗೆ ಎಷ್ಟು ಸಲ ತೆರೆದೀತು? ತೇಯಿಜೋನ ಕಣ್ಣೆದುರು ಬಂದದ್ದು ಬೂದಿಯಲ್ಲಿ ಮಂಡಿಯೂರಿದ ಮುದುಕಿ. ಇವತ್ತು ಕಿವಿಗೆ ಹಾಕಿದ್ದು ನಾಳೆ ಕಾಗದಕ್ಕೆ ಏರುತ್ತದೆ ಎಂದುಕೊಂಡ.

“ಹನ್ನೆರಡು ಅಂದ್ರೆ ಹನ್ನೆರಡೇ,” ಎಂದ. “ನಮ್ಮ ಚಿಂತೆ ನಿಮಗೆ ಬೇಡ.”

“ಹಾಗಾದ್ರೆ ನಾವು ಸ್ವಲ್ಪ ನಿದ್ದೆ ಮಾಡಬಹುದು,” ಎಂದು ಹುಡುಗ ನಕ್ಕು, ತಲೆಬಾಗಿ ವಂದಿಸಿ ಹೋದ.

ಏಪ್ರಿಲ್ ಮೊದಲ ವಾರ, ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ. ತೋಮೆ ಅಜ್ಜಿ ತನ್ನ ಮೆಟ್ಟಿಲು ಗದ್ದೆಯ ಬದುವಿನಲ್ಲಿ ಒಣಹುಲ್ಲು ಸುಡುತ್ತಿದ್ದಳು. ಆ ಕಾಲದಲ್ಲಿ ಎಲ್ಲರೂ ಸುಡುತ್ತಾರೆ, ಅಜ್ಜಿಯನ್ನು ದೂರಿ ಪ್ರಯೋಜನವಿಲ್ಲ. ಗಾಳಿ ಎದ್ದಿತು. ಹುಲ್ಲಿನ ಬೆಂಕಿ ಬದು ದಾಟಿ ಬಿದಿರಿಗೆ, ಬಿದಿರಿನಿಂದ ದೇವದಾರು ತೋಪಿಗೆ ಏರಿತು. ತೋಪಿನ ಕೆಳಗೆ ಏಳು ಮನೆ.

ಪಂಪಿನ ಗಾಡಿ ಆರು ನಿಮಿಷದಲ್ಲಿ ಹೊರಟಿತು, ಅದನ್ನು ಒಪ್ಪಿಕೊಳ್ಳಲೇಬೇಕು. ತೋಪಿನ ನಡುವಿನ ಹಳ್ಳಕ್ಕೆ ಪಂಪಿನ ಬಾಯಿ ಇಳಿಬಿಟ್ಟು, ಕೆಸಾವೊನನ್ನು ಅದರ ಪಕ್ಕ ಕೂರಿಸಿ, ತೇಯಿಜೋ ಮತ್ತು ಫುಸಾಯೆ ಪೈಪು ಹಿಡಿದು ಮೇಲೆ ಹತ್ತಿದರು. ಅಷ್ಟರಲ್ಲಿ ಉಪಠಾಣೆಯ ಗಾಡಿ ಕೆಳಗಿನ ಸೇತುವೆಗೆ ಬಂದು ನಿಂತಿತು. ಬಂದವರು ಮೂವರೇ: ಶಿರಾಗಾ ಸಾಹೇಬರು, ಚಾಲಕ, ನಾಗಿರಾ. ತೇಯಿಜೋನ ಎದೆಗೆ ಕಟ್ಟಿದ್ದ ವಾಕಿಟಾಕಿ ಗೊರಗುಟ್ಟಿತು.

“ಇವಾಕುಮಾಸಾನ್, ಶಿರಾಗಾ ಮಾತಾಡ್ತಿದೀನಿ. ಮೇಲೆ ಎಷ್ಟು ಜನ ಇದೀರಿ?”

ತೇಯಿಜೋ ಗುಂಡಿ ಒತ್ತಿದ. ಅವನು ಯೋಚಿಸಿ ಹೇಳಿದ್ದಲ್ಲ. ಆ ಮಾತಿಗೆ ಯೋಚನೆ ಬೇಕಾಗಿರಲಿಲ್ಲ. ಆರು ವರ್ಷ ಗಿರಣಿ ಕಲ್ಲಿನ ಹಾಗೆ ತಿರುಗಿ ತಿರುಗಿ ನಯವಾಗಿದ್ದ ನಾಲಿಗೆ ತನ್ನಷ್ಟಕ್ಕೆ ತಾನೇ ಹೇಳಿಬಿಟ್ಟಿತು. “ಒಟ್ಟು ಹನ್ನೆರಡು, ಹಾಜರು ಹನ್ನೆರಡು, ಎಲ್ಲ ಕ್ಷೇಮ.”

“ಒಳ್ಳೇದು. ಹಾಗಾದ್ರೆ ಇಳಿಜಾರು ನಿಮ್ದು. ನಾವು ಮನೆಗಳ ಹತ್ತಿರ ನಿಲ್ತೀವಿ.”

ಫುಸಾಯೆ ಪೈಪು ಹಿಡಿದಿದ್ದವಳು ತಿರುಗಿ ನೋಡಿದಳು. “ಏನು ಹೇಳಿದ್ರಿ ತೇಯಿಸಾನ್?”

“ಬಾಯಿ ತಪ್ಪಿ ಬಂತು.”

“ಈಗ್ಲೇ ಸರಿಮಾಡಿ. ಮೂರು ಅನ್ನಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೆ ಈ ಮಾತು ಹೋಗಿರಲಿಲ್ಲ, ಅವನ ಎದೆಯ ಮೇಲೇ ತೂಗುತ್ತಿತ್ತು, ಹೆಬ್ಬೆರಳಿನಲ್ಲಿ ಒಂದು ಸಲ ಒತ್ತಿದರೆ ಮುಗಿಯುತ್ತಿತ್ತು. ತೇಯಿಜೋ ಒತ್ತಲಿಲ್ಲ. ಬೆಂಕಿ ಕಾಯುವುದಿಲ್ಲ, ಮೊದಲು ನೀರು ಎಂದುಕೊಂಡ. ಅದು ನೆಪ. ನಿಜ ಏನೆಂದರೆ, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಆರು ವರ್ಷದ ಎಲ್ಲ ಮಾತೂ ಹಿಂದಕ್ಕೆ ಬರುತ್ತವೆ, ಪಂಪು ಹೋಗುತ್ತದೆ. ಬೆಂಕಿ ಆರಿದ ಮೇಲೆ ಯಾರು ಎಣಿಸುತ್ತಾರೆ ಎಂದುಕೊಂಡು ಪೈಪನ್ನು ಬಿಗಿಯಾಗಿ ಹಿಡಿದ.

ಮೂವರು ಸೇರಿ ನಲವತ್ತು ನಿಮಿಷ ಆ ಇಳಿಜಾರನ್ನು ಹಿಡಿದು ನಿಲ್ಲಿಸಿದರು. ಆಮೇಲೆ ಗಾಳಿ ಮಗ್ಗುಲು ಬದಲಿಸಿತು. ಬೆಂಕಿ ಅವರ ಮೇಲುಗಡೆಯಿಂದ ಸುತ್ತಿ ಬಂದು ಕಾಲುದಾರಿಯನ್ನು ಮುಚ್ಚಿಬಿಟ್ಟಿತು. ಪಂಪನ್ನು ಅಲ್ಲೇ ಬಿಟ್ಟು, ಕೆಸಾವೊನನ್ನು ಇಬ್ಬರೂ ಎರಡು ಕಡೆ ಹಿಡಿದುಕೊಂಡು ಹಳ್ಳದ ನೀರಿಗಿಳಿದರು. ಬಂಡೆಯ ಮೇಲೆ ಜಾರಿ ಬಿದ್ದಾಗ ವಾಕಿಟಾಕಿ ನೀರು ಕುಡಿದು ಸತ್ತುಹೋಯಿತು. ನಡುಮಟ್ಟ ನೀರಿನಲ್ಲಿ ತೆವಳಿಕೊಂಡು, ಎಡವಿಕೊಂಡು, ಸೇತುವೆಯ ಕೆಳಗೆ ಬಂದು ಮೇಲೆ ಹತ್ತಿದರು. ಮೂವರಿಗೂ ಒಂದೆರಡು ತರಚು ಗಾಯ ಬಿಟ್ಟರೆ ಏನೂ ಆಗಿರಲಿಲ್ಲ.

ಸೇತುವೆಯ ಮೇಲೆ ಶಿರಾಗಾ ಸಾಹೇಬರು ವಾಕಿಟಾಕಿ ಹಿಡಿದು ನಿಂತಿದ್ದರು. ಮೇಲಿನಿಂದ ಉತ್ತರ ಬಾರದ್ದನ್ನು ನೋಡಿ ನಾಗಿರಾನನ್ನು ಬಳಸುದಾರಿಯಲ್ಲಿ ಪಂಪಿನ ಹತ್ತಿರ ಕಳಿಸಿದ್ದರು. ಇವರನ್ನು ಕಂಡ ಕೂಡಲೇ ಗುಂಡಿ ಒತ್ತಿ ಹೇಳಿದರು. “ನಾಗಿರಾ, ಮೂವರು ಹಳ್ಳದ ಕಡೆಯಿಂದ ಇಳಿದು ಬಂದಿದಾರೆ. ಕ್ಷೇಮ.”

ವಾಕಿಟಾಕಿಯಲ್ಲಿ ನಾಗಿರಾನ ಏದುಸಿರು ಕೇಳಿಸಿತು. “ಮೂವರಾ? ಹಾಗಾದ್ರೆ ಇನ್ನೂ ಒಂಬತ್ತು ಜನ ಮೇಲಿದಾರೆ. ಪಂಪಿನ ಹತ್ತಿರ ಯಾರೂ ಇಲ್ಲ. ಮೇಲಿನ ದಾರೀಲಿ ಹೋಗಿ ನೋಡ್ತೀನಿ.”

ತೇಯಿಜೋ ಆ ಒಂಬತ್ತು ಎಂಬ ಮಾತನ್ನು ಕೇಳಿದ. ಕೇಳಿ, ಶಿರಾಗಾರ ಕೈಯಿಂದ ವಾಕಿಟಾಕಿಯನ್ನು ಕಿತ್ತುಕೊಂಡ. “ಯಾರೂ ಇಲ್ಲ ನಾಗಿರಾ, ವಾಪಸ್ ಬಾ. ನಾವು ಮೂವರೇ. ಮೂವರೇ ಇದ್ದದ್ದು. ಯಾರೂ ಇಲ್ಲಪ್ಪಾ, ಬಾ.”

ಗೊರಗೊರ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಹುಡುಗ ಆಗಲೇ ಗುಡ್ಡದ ಆಚೆ ಮಗ್ಗುಲಿಗೆ ದಾಟಿದ್ದ. ಅಲ್ಲಿ ಸಿಗ್ನಲ್ ಸಿಕ್ಕುವುದಿಲ್ಲ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು. ಅವನು ಅದನ್ನೇ ಹತ್ತು ಸಲ, ಇಪ್ಪತ್ತು ಸಲ ಹೇಳಿದ. ಶಿರಾಗಾ ಸಾಹೇಬರು ಅವನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ವಾಕಿಟಾಕಿಯನ್ನು ತೆಗೆದುಕೊಂಡು, ಪೇಟೆಯ ಠಾಣೆಗೂ ಹೆಲಿಕಾಪ್ಟರಿಗೂ ಕರೆ ಕೊಟ್ಟು, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಗುಡ್ಡದ ಕಡೆ ನಡೆದರು. ತೇಯಿಜೋ ಹಿಂದೆಯೇ ಓಡಿದ. ಫುಸಾಯೆಯೂ ಬಂದಳು. ಯಾರೂ ಯಾರನ್ನೂ ತಡೆಯಲಿಲ್ಲ.

ನಾಗಿರಾ ಸಿಕ್ಕಿದ್ದು ಒಂದು ಗಂಟೆಯ ಮೇಲೆ, ಮೇಲಿನ ದಾರಿಯಿಂದ ಇನ್ನೂ ಇನ್ನೂರು ಮೀಟರು ಒಳಗೆ, ಕೊರಕಲಿನಲ್ಲಿ. ಬಿದ್ದು ಕಾಲು ಮುರಿದಿತ್ತು. ಬಿಸಿ ಹೊಗೆ ಕುಡಿದು ಎದೆಗೂಡು ಬೆಂದಿತ್ತು. ಉಸಿರಿತ್ತು. ಹೆಲಿಕಾಪ್ಟರಿನಿಂದ ಹಗ್ಗ ಇಳಿಬಿಟ್ಟು ಎತ್ತಿಕೊಂಡು ಹೋದರು.

ಏಳು ಮನೆಗಳೂ ಉಳಿದವು. ಈ ಮಾತನ್ನು ಊರಿನಲ್ಲಿ ಒಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಸಂಜೆ ಸೇತುವೆಯ ಹತ್ತಿರ ಶಿರಾಗಾ ಸಾಹೇಬರು ಗಾಡಿಯ ಮೆಟ್ಟಿಲ ಮೇಲೆ ಕೂತು, ಕೈಗವಸು ಕಳಚುತ್ತ ಹೇಳಿದರು. “ಮೂರು ಅಂದಿದ್ರೆ ನಾನು ಆಗಲೇ ಹೆಲಿಕಾಪ್ಟರ್ ಕರೀತಿದ್ದೆ. ಮೂವರು ಸಿಕ್ಕಿದಾಗ ಅವನನ್ನ ಇಳಿಸ್ತಿದ್ದೆ.” ದನಿ ಏರಿಸಲಿಲ್ಲ. ಏರಿಸಿದ್ದರೆ, ಕೊರಳಪಟ್ಟಿ ಹಿಡಿದು ಎರಡು ಬಿಟ್ಟಿದ್ದರೆ, ತೇಯಿಜೋಗೆ ಹಗುರಾಗುತ್ತಿತ್ತು. “ನಮ್ಮಲ್ಲೂ ಐದು ಅಂತ ಬರೆದು ಮೂವರನ್ನ ಇಟ್ಕೊಂಡಿದೀವಿ. ನಿಮ್ಮನ್ನ ಏನು ಅನ್ನೋಕೂ ನನಗೆ ಬಾಯಿಲ್ಲ.”

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಮರುದಿನ ತೇಯಿಜೋ ಪೇಟೆಗೆ ಹೋಗಿ ಎಲ್ಲವನ್ನೂ ತಾನೇ ಹೇಳಿ ರುಜು ಹಾಕಿದ. ಬೆಂದು ಕರಕಲಾಗಿದ್ದ ಪಂಪನ್ನು ಮೇ ತಿಂಗಳಲ್ಲಿ ಎತ್ತಿಕೊಂಡು ಹೋದರು. ಬದಲಿಗೆ ಬೇರೆ ಬರಲಿಲ್ಲ, ದಳವನ್ನು ಕೆಳಗಿನ ಊರಿಗೆ ಸೇರಿಸಿದರು. ಯಾವುದನ್ನು ಉಳಿಸಲು ಇಷ್ಟೆಲ್ಲ ಮಾಡಿದನೋ ಅದು ಹೀಗೆ ಹೋಯಿತು, ಮತ್ತು ಅದು ಹೋದದ್ದಕ್ಕೆ ಅವನಿಗೆ ದುಃಖಪಡಲೂ ಆಗಲಿಲ್ಲ. ಖಾಲಿ ಕೊಟ್ಟಿಗೆಯಲ್ಲಿ ನಿಂತು ಒಂಬತ್ತು ಪಟ್ಟಿಗಳನ್ನು ಗೋಡೆಯಿಂದ ಇಳಿಸಿ ಬಟ್ಟೆಯಲ್ಲಿ ಸುತ್ತಿಟ್ಟ. ಒಲೆಗೆ ಹಾಕಲು ಕೈ ಬರಲಿಲ್ಲ.

ನಾಗಿರಾ ಐದು ವಾರ ಯಂತ್ರದ ಉಸಿರಿನಲ್ಲಿದ್ದ. ಆಮೇಲೂ ಅವನ ಮುಂದೆ ಆ ದಿನದ ಮಾತು ಎತ್ತಬಾರದೆಂದು ವೈದ್ಯರ ತಾಕೀತು. ಜೂನ್ ಕೊನೆಗೆ ಶಿರಾಗಾ ಸಾಹೇಬರಿಂದ ಫೋನ್ ಬಂತು. “ಈಗ ಮಾತಾಡಬಹುದಂತೆ. ನಿಮ್ಮನ್ನ ನೋಡಬೇಕು ಅಂತ ದಿನಾ ಕೇಳ್ತಿದಾನೆ. ಅವನಿಗೆ ಯಾರೂ ಏನೂ ಹೇಳಿಲ್ಲ, ಇವಾಕುಮಾಸಾನ್. ಅದು ನೀವು ಹೇಳಬೇಕಾದ್ದು.”

ಫುಸಾಯೆ ತೋಫುವಿನ ಡಬ್ಬಿ ಕಟ್ಟಿಕೊಟ್ಟಳು. “ನಾನೂ ಬರ್ತಿದ್ದೆ,” ಎಂದಳು. “ಅವತ್ತು ನಿಮ್ಮ ಕೈಯಿಂದ ವಾಕಿಟಾಕಿ ಕಿತ್ಕೊಂಡು ನಾನೇ ಮೂರು ಅನ್ನಬಹುದಿತ್ತಲ್ಲ. ಅನ್ನಲಿಲ್ಲ. ನನಗೂ ಮುಖ ಇಲ್ಲ.”

ಆಸ್ಪತ್ರೆಯ ಮೂರನೆಯ ಮಹಡಿ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದವನು ಆ ನಾಗಿರಾನೇ ಎಂದು ತೇಯಿಜೋಗೆ ಒಂದು ಕ್ಷಣ ಗುರುತು ಸಿಗಲಿಲ್ಲ. ಅರ್ಧ ಆಳಾಗಿದ್ದ. ಮೂಗಿಗೆ ಕೊಳವೆ. ತೇಯಿಜೋನನ್ನು ಕಂಡು ಏಳಲು ಹೋದ, ಆಗಲಿಲ್ಲ, ಮಲಗಿದ್ದಲ್ಲೇ ಗದ್ದವನ್ನು ಎದೆಗೆ ಒತ್ತಿ ತಲೆಬಾಗಿಸಿದ.

“ಕ್ಷಮಿಸಿ, ಇವಾಕುಮಾಸಾನ್.” ದನಿ ಜರಡಿಯಲ್ಲಿ ಸೋಸಿದ ಹಾಗೆ ಬರುತ್ತಿತ್ತು, ಎರಡೆರಡು ಮಾತಿಗೆ ಒಮ್ಮೆ ಉಸಿರು. “ನಿಮ್ಮವರಲ್ಲಿ ಒಬ್ಬರನ್ನೂ ನನ್ನ ಕೈಲಿ ಹುಡುಕೋಕೆ ಆಗಲಿಲ್ಲ.”

ತೇಯಿಜೋ ನಿಂತೇ ಇದ್ದ. ಡಬ್ಬಿ ಕೈಯಲ್ಲೇ ಇತ್ತು.

“ಹೆಸರು ಹಿಡಿದು ಕೂಗಿದೆ. ಪಟ್ಟಿ ನೋಡಿದ್ನಲ್ಲ, ನೆನಪಿತ್ತು. ಹಾಮೊರಿಸಾನ್. ಕಾಡೊವಾಕಿ ಅಣ್ಣ. ಕಾಡೊವಾಕಿ ತಮ್ಮ. ತ್ಸುನೆವೊಕಾಸಾನ್. ಒಂಬತ್ತೂ ಹೆಸರು ಕೂಗಿದೆ. ಯಾರೂ ಓಗೊಡಲಿಲ್ಲ. ಇನ್ನೂ ಒಳಗಿದಾರೇನೋ ಅಂತ ಮುಂದೆ ಹೋದೆ.” ಅವನು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. “ಇಲ್ಲಿ ಯಾರನ್ನ ಕೇಳಿದ್ರೂ ಮಾತು ಮರೆಸ್ತಾರೆ. ಎಷ್ಟು ಜನ ಬಂದ್ರು, ಎಷ್ಟು ಜನ ಹೋದ್ರು, ನೀವಾದ್ರೂ ಹೇಳಿ.”

ದಾರಿಯುದ್ದಕ್ಕೂ ತೇಯಿಜೋ ಮಾತು ಜೋಡಿಸಿಕೊಂಡು ಬಂದಿದ್ದ. ಕೊಮೊರಿಯ ಮುದುಕಿಯ ಕಥೆಯಿಂದ ಶುರುಮಾಡಬೇಕು ಅಂತಿದ್ದ, ನಿಯಮದ ಮಾತು ಹೇಳಬೇಕು ಅಂತಿದ್ದ. ಅವೆಲ್ಲ ಬಾಗಿಲ ಹೊರಗೇ ಉಳಿದವು. ಅವನು ಮಂಡಿಯೂರಿ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ.

“ಹಾಮೊರಿ ಆ ಹೊತ್ತಿನಲ್ಲಿ ಹಿರೋಶಿಮಾದಲ್ಲಿ ಬಸ್ಸು ಓಡಿಸ್ತಿದ್ದ,” ಎಂದ. “ಕಾಡೊವಾಕಿ ಹುಡುಗರು ಮೀನಿನ ಕಾರ್ಖಾನೇಲಿದ್ರು. ತ್ಸುನೆವೊಕಾಗೆ ಎದ್ದು ಓಡಾಡೋಕೇ ಬರಲ್ಲ, ನಾಲ್ಕು ವರ್ಷ ಆಯ್ತು.” ಹೀಗೆ ಒಂಬತ್ತು ಜನರದ್ದನ್ನೂ ಹೇಳಿದ, ಒಬ್ಬರನ್ನೂ ಬಿಡಲಿಲ್ಲ. “ಅಲ್ಲಿ ಯಾರೂ ಇರಲಿಲ್ಲಪ್ಪಾ. ನಾವು ಮೂವರೇ. ಹನ್ನೆರಡು ಅಂತ ಹೇಳಿದ್ದು ನಾನು.”

ನಾಗಿರಾ ಚಾವಣಿ ನೋಡುತ್ತ ಮಲಗಿದ್ದ. ತೇಯಿಜೋ ತಲೆ ಎತ್ತಲಿಲ್ಲ. ಬೈಗಳಿಗೆ ಕಾಯುತ್ತಿದ್ದ, ಉಗಿಯಲಿ ಎಂದು ಕಾಯುತ್ತಿದ್ದ.

“ಯಾರೂ ಇರಲಿಲ್ವಾ?” ಎಂದ ನಾಗಿರಾ.

“ಇರಲಿಲ್ಲ.”

“ಅಬ್ಬ,” ಎಂದ ಹುಡುಗ. ಅವನ ಕಣ್ಣಿನ ತುದಿಯಿಂದ ನೀರು ಕಿವಿಯ ಕಡೆಗೆ ಇಳಿಯಿತು. “ಸದ್ಯ. ಯಾರೂ ಸತ್ತಿಲ್ಲ. ನಾನು ಇಷ್ಟು ದಿನವೂ ಒಂಬತ್ತು ಜನ…” ಎಂದವನಿಗೆ ಕೆಮ್ಮು ಬಂತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನರ್ಸ್ ಬಂದು ಕೊಳವೆ ಸರಿಮಾಡಿ, ದಿಂಬು ಎತ್ತರಿಸಿ ಹೋದಳು.

ಆಮೇಲೆ ಏನನ್ನೋ ಒಂದೊಂದಾಗಿ ಲೆಕ್ಕ ಹಾಕುವವನ ಹಾಗೆ ಅವನ ತುಟಿ ಅಲ್ಲಾಡುತ್ತಿತ್ತು. ಆ ಲೆಕ್ಕ ಎಲ್ಲಿಗೆ ಮುಟ್ಟಿತೋ, ಅವನು ತೇಯಿಜೋನ ಕಡೆ ಒಮ್ಮೆ ನೋಡಿದ, ಮತ್ತೆ ನಿಧಾನವಾಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ತೇಯಿಜೋ ಭೇಟಿಯ ಹೊತ್ತು ಮುಗಿಯುವವರೆಗೂ ಅಲ್ಲೇ ನೆಲದ ಮೇಲೆ ಕೂತಿದ್ದ. ಹೋಗು ಎಂದು ಅವನಿಗೆ ಯಾರೂ ಹೇಳಲಿಲ್ಲ.